ಜನವರಿ ಇಪ್ಪತ್ತಾರಕ್ಕೆ ಕಾದಿಟ್ಟ ಅರ್ಜಿ

ನಮ್ಮ ಮುತ್ತಜ್ಜ ತ್ರ್ಯಂಬಕ ಧಾರವಾಡದ ಕೋರ್ಟಿನ ಹೊರಗೆ ಹುಣಸೆ ಮರದಡಿ ಕೂತು ಅರ್ಜಿ ಬರೆಯುತ್ತಿದ್ದ. ಓದು ಬಾರದವರ ಅಳಲನ್ನು ಸರ್ಕಾರದ ಇಂಗ್ಲಿಷಿಗೆ ಇಳಿಸುವುದೇ ಅವನ ಬದುಕು. ಇಪ್ಪತ್ತು ವರ್ಷಗಳಲ್ಲಿ ನೇಣಿನ ಶಿಕ್ಷೆಯಾದ ಮೂವರಿಗಾಗಿ ಲಾಟಸಾಹೇಬರಿಗೆ, ಅಂದರೆ ಗವರ್ನರರಿಗೆ, ಬರೆದು ಕ್ಷಮಾದಾನ ಬೇಡಿದ್ದ. ಮೂರಕ್ಕೂ ಒಂದೇ ಸಾಲಿನ ಉತ್ತರ: ಆಗದು.

೧೯೪೯ರ ಡಿಸೆಂಬರಿನಲ್ಲಿ ಮುಗದ ಊರಿನ ಫಕೀರವ್ವ ಬಂದಳು. ಬದುವಿನ ಜಗಳದಲ್ಲಿ ಮಗ ಬೀರಲಿಂಗಪ್ಪ ಬೀಸಿದ ಗುದ್ದಲಿಗೆ ಪಕ್ಕದ ಹೊಲದವನು ಸತ್ತಿದ್ದ. ಮೇಲಿನ ಕೋರ್ಟೂ ನೇಣನ್ನೇ ಎತ್ತಿಹಿಡಿದಿತ್ತು. ಏಳು ದಿನಗಳೊಳಗೆ ಕ್ಷಮೆ ಬೇಡಬಹುದೆಂದು ಬೆಳಗಾವಿ ಜೈಲಿನಿಂದ ಕಾಗದ ಬಂದಿತ್ತು.

ಅದೇ ವಾರ ತ್ರ್ಯಂಬಕ ಪತ್ರಿಕೆಯಲ್ಲಿ ಓದಿದ್ದ: ಜನವರಿ ಇಪ್ಪತ್ತಾರಕ್ಕೆ ದೇಶಕ್ಕೆ ರಾಷ್ಟ್ರಪತಿ ಬರುತ್ತಾರೆ, ನೇಣನ್ನು ಮಾಫಿ ಮಾಡುವ ಅಧಿಕಾರ ಅವರಿಗಿರುತ್ತದೆ. ಲಾಟಸಾಹೇಬರ ಕುರ್ಚಿಯಲ್ಲಿ ಈಗ ನಮ್ಮವರೇ ಇದ್ದರೂ ಅದು ಹಳೆಯ ಕುರ್ಚಿ, ಅಲ್ಲಿಂದ ಮತ್ತೆ ಅದೇ ಸಾಲು ಬಂದೀತೆಂದು ಅವನಿಗೆ ಅನಿಸಿತು. ಹೊಸಬರಿಗೇ ಬರೆಯೋಣ ಎಂದ.

“ಅಲ್ಲಿತನಕ ತಡೀತಾರೇನ್ರಿ?” ಫಕೀರವ್ವ ಕೇಳಿದಳು.

“ಹೊಸಾ ದೊರಿ ಬರೂಮುಂದ ಯಾರರ ನೇಣು ಹಾಕ್ತಾರೇನವಾ? ಪಟ್ಟಕ್ಕ ಕೂಡೂ ದಿನ ಸೆರಿಯಾಗಿನವರನ್ನ ಬಿಡೋ ಪದ್ಧತಿ ಅದ.”

ನಾಲ್ಕು ಪುಟ ಬರೆದು, ರಾಷ್ಟ್ರಪತಿಯವರ ಸನ್ನಿಧಾನಕ್ಕೆ ಎಂದು ವಿಳಾಸ ಹಾಕಿ, ಜನವರಿಯವರೆಗೆ ಇರಲೆಂದು ತನ್ನ ಪೆಟ್ಟಿಗೆಯಲ್ಲಿಟ್ಟ.

ಹತ್ತನೆಯ ದಿನ ಚಹಾ ಕುಡಿಯುತ್ತ, ವಕೀಲರ ಗುಮಾಸ್ತ ಏಕನಾಥನ ಮುಂದೆ ಇದನ್ನು ಹೇಳಿದ. ಏಕನಾಥ ಬಸಿ ಕೆಳಗಿಟ್ಟ.

“ರಾಷ್ಟ್ರಪತಿ ಅಂದ್ರ ರಾಜಾ ಅಲ್ಲೋ ತ್ರ್ಯಂಬಕಾ. ಮಂತ್ರಿಗಳು ಹೇಳಿದ್ದಕ್ಕ ಸಹಿ ಹಾಕಾವ್ರು. ಅಧಿಕಾರ ಕುರ್ಚಿದು. ಇವತ್ತ ಯಾರ ಕೂತಾರ, ಅವರಿಗೇ ಬರೀಬೇಕಿತ್ತು.”

ತ್ರ್ಯಂಬಕ ತಾರು ಕಚೇರಿಗೆ ಓಡಿ ಲಾಟಸಾಹೇಬರಿಗೆ ತಂತಿ ಕಳಿಸಿದ. ಅವಧಿ ಮುಗಿದಿದೆ, ನೇಣಿನ ದಿನ ನಿಗದಿಯಾಗಿದೆ ಎಂದು ಉತ್ತರ ಬಂತು.

ಕೊನೆಯ ಭೇಟಿಗೆ ಫಕೀರವ್ವ ಬೆಳಗಾವಿಗೆ ಹೋದಳು. ಕಂಬಿಯಾಚೆಯಿಂದ ಮಗ ಕೇಳಿದ್ದು ಒಂದೇ ಮಾತು: “ಆ ಹೊಸಾ ದೊರಿ ಎಂದ ಬರ್ತಾರಂತವ್ವಾ?” ಇನ್ನೇನು ಬಂದೇಬಿಟ್ಟರು ಎಂದು ಸುಳ್ಳು ಹೇಳಿ ಬಂದಳು. ಡಿಸೆಂಬರ್ ಮುಗಿಯುವ ಮೊದಲೇ ಅವನನ್ನು ನೇಣಿಗೇರಿಸಿದರು.

ಮಣ್ಣು ಮಾಡಿದ ಮೂರನೆಯ ದಿನ ಆಕೆ ಹುಣಸೆ ಮರದಡಿ ಬಂದು ಕೂತಳು. ಬೈಯಲಿ ಎಂದು ತ್ರ್ಯಂಬಕ ತಲೆ ತಗ್ಗಿಸಿದ. ಆಕೆ ಬೈಯಲಿಲ್ಲ.

“ಸತ್ತವರನ್ನೂ ಮಾಫ್ ಮಾಡ್ತಾರೇನ್ರಿ ಅವರು? ಖೂನಿ ಅನ್ನೂ ಹೆಸರರ ಹೋಗ್ಲಿ. ಬರೀರಿ.”

ಆಗುವುದಿಲ್ಲವೆಂದು ಗೊತ್ತಿದ್ದೂ ತ್ರ್ಯಂಬಕ ಕಾಗದ ತೆಗೆದ. ಮಗನ ಹೆಸರನ್ನು ಆಕೆ ಮೂರು ಸಲ ಹೇಳಿದಳು. ಅವನ ಲೇಖನಿಯ ಟಾಕು ಆ ಹೆಸರಿನಿಂದ ಮುಂದೆ ಹೋಗಲೇ ಇಲ್ಲ.