ವಪೆ ಹೋಗಿದೆ

ಅಥವಾ ದೊಡ್ಡಮ್ಮನ ಮನೆಯ ನೀರಿನ ಫಿಲ್ಟರಿನ ಆ ಪಂಪು ಆಗ ಅಡುಗೆಮನೆಯಲ್ಲಿ ಇರಲೇ ಇಲ್ಲವೇನೋ. ನೆನಪು ಅದನ್ನು ಪ್ರತಿಸಲ ಬೇರೆ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತದೆ. ಸದ್ದು ಮಾತ್ರ ಇದೇ. ಈಗ ಜೆ.ಪಿ. ನಗರದ ನಮ್ಮ ಮನೆಯಲ್ಲಿ ನೀರಿನ ಫಿಲ್ಟರ್ ಗುರ್ರೆಂದರೆ, ಕಾಫಿ ಲೋಟ ಹಿಡಿದವನು ಹಾಗೇ ನಿಂತುಬಿಡುತ್ತೇನೆ. ಏನಾಯ್ತು ಅಂತ ಹೆಂಡತಿ ಕೇಳಿದರೆ, ಏನಿಲ್ಲ, ದೊಡ್ಡಮ್ಮ ನೆನಪಾದರು ಅನ್ನುತ್ತೇನೆ. ಅವಳು ಮತ್ತೆ ಕೇಳುವುದಿಲ್ಲ.

ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ, ಜಯನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಆಗ ನಾನು ಅವರ ಮನೆಯಲ್ಲೇ ಇದ್ದೆ. ಅವರೆದುರು ವಿಜ್ಞಾನದ ಪದವನ್ನು ಇಂಗ್ಲಿಷಿನಲ್ಲಿ ಆಡುವಂತಿರಲಿಲ್ಲ. ಗದರುತ್ತಿರಲಿಲ್ಲ, ಕಿವಿ ಕೇಳಿಸದವರ ಹಾಗೆ ಇರುತ್ತಿದ್ದರು. ಗ್ರ್ಯಾವಿಟಿ ಅಂದರೆ "ಯಾರದು?" ಅನ್ನೋರು. ಗುರುತ್ವಾಕರ್ಷಣೆ ಅಂದಮೇಲೆ ಮಾತು ಮುಂದಕ್ಕೆ ಹೋಗುತ್ತಿತ್ತು. ಈ ಆಟ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಬಸ್ಸಿನಲ್ಲಿ ಪಕ್ಕದವರ ಮಾತನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತ ಇಳಿಯುವ ಸ್ಟಾಪ್ ಮರೆಯುತ್ತಿದ್ದೆ.

ಫಿಲ್ಟರ್ ಅವರ ಮನೆಗೆ ಬಂದ ದಿನ ಅವರು ಅದರ ಮುಚ್ಚಳ ತೆಗೆಸಿ ಪಾಠವನ್ನೇ ಮಾಡಿದರು. "ಪಂಪು ನೀರನ್ನ ಹೀರಲ್ಲ ಕಣೋ. ಜಾಗ ಮಾಡ್ಕೊಡುತ್ತೆ. ನೀರೇ ಬಂದು ತುಂಬ್ಕೊಳ್ಳುತ್ತೆ." ಒಳಗಿರುವುದು ರಬ್ಬರಿನ ಪರದೆ. ಮೋಟಾರು ಅದನ್ನು ಹಿಂದಕ್ಕೆಳೆದರೆ ಜಾಗ ಹಿಗ್ಗಿ, ಒಳಬಾಗಿಲು ತೆರೆದು ನೀರು ನುಗ್ಗುತ್ತದೆ. ಮುಂದಕ್ಕೆ ಒತ್ತಿದರೆ ಆ ಬಾಗಿಲು ಮುಚ್ಚಿ ಹೊರಬಾಗಿಲು ತೆರೆಯುತ್ತದೆ. ಒಂದೊಂದು ಸಲಕ್ಕೆ ಒಂದು ಗುಟುಕೂ ಇಲ್ಲ. ಆದರೆ ಆ ಗುಟುಕುಗಳು ಎಷ್ಟು ಬೇಗಬೇಗ ಬರುತ್ತವೆಂದರೆ, ಮುಂದಿರುವ ಸೋಸುವ ಪೊರೆಯನ್ನು ತೂರಿಕೊಂಡು ಹೋಗುವಷ್ಟು ಒತ್ತಡ ಹುಟ್ಟುತ್ತದೆ. ನಮ್ಮ ಎದೆಗೂಡಿನ ತಳದಲ್ಲೂ ಇಂಥದೇ ಒಂದು ಪರದೆ ಇದೆ, ವಪೆ, ಉಸಿರೂ ಹೀಗೇ ಬರುವುದು ಎಂದರು. ಎಂದರು ಅಂತ ನಾನು ನಂಬಿದ್ದೇನೆ.

ಕೆಲವು ವರ್ಷದ ಮೇಲೆ ಅವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಯಿತು. ಸ್ಕ್ಯಾನ್ ಆಯಿತು. ರಿಪೋರ್ಟ್ ತರಬೇಕಾದ ದಿನವೇ ಪಂಪೂ ಕೈಕೊಟ್ಟಿತು. ಒಂದು ಬಟ್ಟೆಚೀಲ, ಎರಡು ಕೆಲಸ. ಮೊದಲು ಪಂಪಿನ ಅಂಗಡಿಗೆ ಹೋದೆ. ಅಂಗಡಿಯವರು ಬಿಚ್ಚಿ ನೋಡಿ, "ಡಯಾಫ್ರಮ್ ಹರ್ದೋಗಿದೆ ಸಾರ್, ಪ್ಯಾಚ್ ಹಾಕಿದ್ರೆ ಪ್ರೆಶರ್‌ಗೆ ನಿಲ್ಲಲ್ಲ, ಹೊಸದೇ ಹಾಕ್ಬೇಕು" ಅಂದರು. ಹಾಕಿ ಅಂದು, ಮನೆಗೆ ಫೋನ್ ಮಾಡಿ ರೂಢಿಯಂತೆ ಕನ್ನಡದಲ್ಲೇ ಹೇಳಿದೆ.

"ದೊಡ್ಡಮ್ಮ, ವಪೆ ಹೋಗಿದೆಯಂತೆ. ರಿಪೇರಿ ಆಗಲ್ಲ, ಹೊಸದೇ ಹಾಕ್ಬೇಕಂತೆ."

ಆ ಕಡೆಯಿಂದ, "ಹೂಂ. ಮನೆಗೆ ಬಾ."

ಡಯಾಫ್ರಮ್ ಅಂದಿದ್ದರೆ ಅದು ಪಂಪಿನದಾಗಿರುತ್ತಿತ್ತು. ಕನ್ನಡದಲ್ಲಿ ವಪೆ ಇರುವುದು ಮೈಯೊಳಗೆ ಮಾತ್ರ. ಇದು ಹೊಳೆದದ್ದು ಆಮೇಲೆ ಆಸ್ಪತ್ರೆಯಲ್ಲಿ, ರಿಪೋರ್ಟಿನ ಕವರನ್ನು ಚೀಲದೊಳಗೆ ಪಂಪಿನ ಪಕ್ಕಕ್ಕೆ ಇಳಿಬಿಡುವಾಗ. ಮತ್ತೆ ಫೋನ್ ಮಾಡಿದೆ, ತೆಗೆಯಲಿಲ್ಲ. ಆಟೋ ಹಿಡಿದೆ.

ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟುಕೊಂಡು. ನನ್ನನ್ನು ನೋಡಿ ಕೇಳಿದರು: "ನನಗೂ ಹೊಸದು ಹಾಕ್ತಾರಂತಾ?"

ಪಂಪಿನದು ದೊಡ್ಡಮ್ಮ, ಪಂಪಿನದು ಅಂತ ಚೀಲದಿಂದ ತೆಗೆದು ಅವರ ಮಡಿಲಲ್ಲಿಟ್ಟೆ. ನಕ್ಕರು, ನಗು ಕೆಮ್ಮಾಯಿತು. ಆಮೇಲೆ ಕವರ್ ಬಿಡಿಸಿ ಓದಿದರೆ, ಬಲಗಡೆಯ ವಪೆ ಸರಿಯಾಗಿ ಆಡುತ್ತಿಲ್ಲ ಅಂತಲೇ ಇತ್ತು. ಡಾಕ್ಟರು ಉಸಿರಿನ ವ್ಯಾಯಾಮ ಹೇಳಿಕೊಟ್ಟರು, ದೊಡ್ಡಮ್ಮ ಇನ್ನೂ ಕೆಲವು ವರ್ಷ ಇದ್ದರು. ಪಂಪಿನ ತಾಳಕ್ಕೆ ಉಸಿರಾಡುತ್ತ ಕೂರುತ್ತಿದ್ದರು ಅಂತ ಬರೆದರೆ ನಿಮಗೂ ಹಿತ, ನನಗೂ ಹಿತ. ಆದರೆ ಆ ಪಂಪಿನ ವೇಗಕ್ಕೆ ಯಾರೂ ಉಸಿರಾಡಲಾರರು.

ಇನ್ನೊಂದು ಅನುಮಾನ ಇದಕ್ಕಿಂತ ದೊಡ್ಡದು. ಅವರು "ನನಗೂ" ಅಂದರೆಂದು ಮೇಲೆ ಬರೆದೆನಲ್ಲ? "ನನಗೂ" ಅಂದಿದ್ದರೆ ಅವರಿಗೆ ಪಂಪಿನ ಮಾತು ಅರ್ಥವಾಗಿತ್ತು, ನನ್ನನ್ನು ಆಡಿಸುತ್ತಿದ್ದರು. "ನನಗೆ" ಅಂದಿದ್ದರೆ, ನಾನು ಬರುವ ತನಕ ತಮ್ಮದೇ ವಪೆ ಹೋಗಿದೆ ಅನ್ನುವ ಸುದ್ದಿಯನ್ನು ಒಬ್ಬರೇ ಹೊತ್ತುಕೊಂಡು ಕೂತಿದ್ದರು.

ಈಗ ಫಿಲ್ಟರಿನ ಟ್ಯಾಂಕು ತುಂಬಿ ಪಂಪು ನಿಂತಿದೆ. ನನ್ನ ಅಂಗೈ ಪಕ್ಕೆಲುಬಿನ ಕೆಳಗಿದೆ, ಯಾವಾಗ ಅಲ್ಲಿಗೆ ಹೋಯಿತೋ. ನನಗೂ, ನನಗೆ, ಎರಡನ್ನೂ ಮೆಲ್ಲಗೆ ಹೇಳಿ ನೋಡುತ್ತೇನೆ. ಎರಡೂ ಅವರ ದನಿಯಲ್ಲೇ ಕೇಳಿಸುತ್ತವೆ. ಅವರು ಯಾವುದನ್ನು ಅಂದರೋ, ನನಗೆ ಗೊತ್ತಿಲ್ಲ.