ಸೈಲೆನ್ಸರ್ ಜಮಾಲ್ ಸಾಬ್

ಹರಿಹರದಲ್ಲಿ ಹೊಳೆಯ ಸೇತುವೆಗೆ ಹೋಗುವ ರಸ್ತೆಯ ಬದಿಗೆ ಜಮಾಲುದ್ದೀನನ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದೆ ಇಳಿಸಿದ ತಗಡಿನ ಚಪ್ಪರ. ಅದರ ಕೆಳಗೆ ವೆಲ್ಡಿಂಗ್ ಯಂತ್ರ, ಪೈಪುಗಳು, ಮಸಿ ಹಿಡಿದ ಹಳೆಯ ಸೈಲೆನ್ಸರುಗಳ ರಾಶಿ. ಲಾರಿಯವರು ಅವನನ್ನು ಸೈಲೆನ್ಸರ್ ಜಮಾಲ್ ಸಾಬ್ ಎಂದೇ ಕರೆಯುತ್ತಿದ್ದರು. ತಗಡು ಬಡಿದು ಬಡಿದು ಅವನ ಕಿವಿ ಹೋಗಿತ್ತು. ಎಷ್ಟು ಹೋಗಿತ್ತು ಎಂಬುದು ಹೆಂಡತಿ ಹಜೀರಾಬೀಗೆ ಮಾತ್ರ ಗೊತ್ತಿತ್ತು.

ಮಾತನ್ನು ಅವನು ಎದುರಿನವರ ತುಟಿ ನೋಡಿ ಹಿಡಿಯುತ್ತಿದ್ದ. ಎಂಜಿನ್ನಿನ ದಪ್ಪ ಸದ್ದು ಅಂಗೈಯಿಂದ ತಿಳಿಯುತ್ತಿತ್ತು. ಲಾರಿಯ ಅಡಿಕಟ್ಟಾದ ಚಾಸಿಯ ಮೇಲೆ ಕೈಯಿಟ್ಟರೆ ಅದರ ಗುಡುಗು ಮೊಣಕೈವರೆಗೆ ಹತ್ತುತ್ತಿತ್ತು. ಆದರೆ ವೆಲ್ಡಿಂಗಿನಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೆ ಹೊಗೆ ಅಲ್ಲಿಂದ ಸೀಟಿ ಹೊಡೆಯುತ್ತದೆ. ಆ ಸಣ್ಣ ದನಿ ಅವನ ಪಾಲಿಗೆ ಎಂದೋ ಇಲ್ಲವಾಗಿತ್ತು. ಅದನ್ನು ಹಜೀರಾಬೀ ಕೇಳುತ್ತಿದ್ದಳು. ಕೆಲಸ ಮುಗಿದು ಗಾಡಿ ಸ್ಟಾರ್ಟ್ ಮಾಡುವಾಗ ಅವಳು ಹೊಸಿಲ ಮೇಲೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು. ಸದ್ದು ಸರಿಯಿದ್ದರೆ ಎದ್ದು ಒಳಗೆ ಹೋಗಿ ಚಹಾಕ್ಕೆ ಇಡುವಳು. ಸರಿಯಿಲ್ಲದಿದ್ದರೆ ಪೊರಕೆ ಹಿಡಿದು ಬಂದು, ಅದರ ತುದಿಯಿಂದ ತೂತಿರುವ ಜಾಗ ತೋರಿಸುವಳು.

"ಅಕ್ಕ ಪಾಸ್ ಮಾಡಿದ್ರೆ ಆರ್‌ಟಿಓ ಯಾವ ಲೆಕ್ಕ!" ಎಂದು ಡ್ರೈವರುಗಳು ನಗುತ್ತಿದ್ದರು. ಜಮಾಲುದ್ದೀನನೂ ನಗುತ್ತಿದ್ದ. ಎಲ್ಲದಕ್ಕೂ ಮೂಗು ತೂರಿಸುವ ಹೆಂಗಸು ಎಂದೇ ಅವರು ತಿಳಿದುಕೊಳ್ಳಲಿ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಕಿವಿ ಕೇಳದ ಸೈಲೆನ್ಸರಿನವನ ಹತ್ತಿರ ಯಾರು ಬಂದಾರು?

ಮಳೆಗಾಲದ ಮೊದಲಲ್ಲಿ ಹಜೀರಾಬೀಗೆ ಜ್ವರ ಬಂತು. ಆಸ್ಪತ್ರೆಗೆ ಹೋದಳು, ಜೀವಂತ ಮರಳಲಿಲ್ಲ. ದಾವಣಗೆರೆಗೆ ಕೊಟ್ಟಿದ್ದ ಮಗಳು ಆಮ್ನಾ, "ಅಬ್ಬಾ, ಅಂಗಡಿ ಸಾಕು, ನಮ್ಮನೇಗೆ ಬಂದ್ಬಿಡ್ರಿ" ಎಂದಳು.

"ಕೈಕಾಲು ಗಟ್ಟಿ ಅದಾವಲ್ಲ" ಎಂದು ಅವನು ಮತ್ತೆ ಚಪ್ಪರದ ಕೆಳಗೆ ಕೂತ.

ಮೊದಲು ಬಂದವನು ಆವರಗೆರೆಯ ಎರ್ರಿಸ್ವಾಮಿ, ಹಳೆಯ ಗಿರಾಕಿ. ಅವನದೂ ಹಳೆಯ ಲಾರಿಯೇ. ಮೆಕ್ಕೆಜೋಳ ಹೊರುವುದು ಅದರ ಕೆಲಸ.

"ಸಾಬ್ರೆ, ಚಿತ್ರದುರ್ಗದ ಕಡಿ ಏರು ಬಂತಂದ್ರೆ ಮುದುಕನ ಹಂಗೆ ಕೆಮ್ಮತೈತೆ. ಪೈಪು ದೊಡ್ದು ಮಾಡ್ರಿ, ಚೆನ್ನಾಗಿ ಎಳೀಬೇಕು. ಆದ್ರೆ ಸದ್ದು ಬ್ಯಾಡ."

"ಎತ್ತು ಗುಟುರು ಹಾಕದೇ ಎಳೀಬೇಕು ಅಂತೀರಿ."

"ಹೂಂ ಮತ್ತೆ! ನಮ್ಮ ಓಣಿ ತುಂಬ ಈಗ ಹೊಸ ಮನೆಗಳು. ಬೆಳಗ್ಗೆ ಗಾಡಿ ತೆಗೆದ್ರೆ ಕಿಟಕಿ ತೆಗೆದು ಬೈತಾರೆ. ಇನ್ನೊಂದ್ಸಲ ಸದ್ದು ಬಂದ್ರೆ ಬೈಪಾಸ್ ಹತ್ರ ನಿಲ್ಸು ಅಂದಾರೆ. ಅಲ್ಲಿ ನಿಲ್ಸಿದ್ರೆ ಬೆಳಗಾಗೋದ್ರಾಗೆ ಬ್ಯಾಟರಿ ಇರಲ್ಲ."

ಜಮಾಲುದ್ದೀನ್ ಒಪ್ಪಿಕೊಂಡ. ಈ ಗಾಡಿ ಸುಮ್ಮನಾದರೆ ಕಸುಬು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಸಿ ಕಟ್ಟಿ ಉಸಿರುಗಟ್ಟಿದ್ದ ಹಳೆಯ ಪೈಪನ್ನು ಕಿತ್ತು ಅಗಲವಾದುದನ್ನು ಹಾಕಿದ. ಸೈಲೆನ್ಸರಿನ ಡಬ್ಬಿಯನ್ನು ಮೊದಲಿಗಿಂತ ಉದ್ದ ಮಾಡಿದ. ಒಳಗಿನ ತೂತುತೂತಿನ ಕೊಳವೆಗೆ ಸದ್ದು ಹೀರುವ ಗ್ಲಾಸ್ ವುಲ್ ಬಿಗಿಯಾಗಿ ಸುತ್ತಿ, ಹೊಗೆಯ ಜೊತೆ ಹಾರಿಹೋಗದಂತೆ ಮೇಲೆ ಉಕ್ಕಿನ ಜಾಲರಿ ಕಟ್ಟಿದ. ಪೈಪು ತೂಗುವ ಕಡೆಗಳಲ್ಲೆಲ್ಲ ರಬ್ಬರ್ ಕೊಟ್ಟ. ಗ್ಲಾಸ್ ವುಲ್ ಸುತ್ತುವುದು ಹಜೀರಾಬೀಯ ಕೆಲಸವಾಗಿತ್ತು. ಅದರ ಎಳೆಗಳು ಬೆರಳಿಗೆ ಚುಚ್ಚಿ ಉರಿ ಎದ್ದಾಗ, ಅವಳು ಕೈಗೆ ಏನು ಹಚ್ಚಿಕೊಳ್ಳುತ್ತಿದ್ದಳೋ ಯಾವತ್ತೂ ಕೇಳಿರಲಿಲ್ಲವಲ್ಲ ಎಂದುಕೊಂಡ.

ಗಾಡಿ ಸ್ಟಾರ್ಟ್ ಆಯಿತು. ಚಾಸಿಯ ಮೇಲಿನ ಅಂಗೈಗೆ ಗುಡುಗು ತಾಕಲಿಲ್ಲ. ಎರ್ರಿಸ್ವಾಮಿ ಆಕ್ಸಲರೇಟರ್ ಒತ್ತಿದ, ಆಗಲೂ ಇಲ್ಲ. ಜಮಾಲುದ್ದೀನ್ ಹೊಸಿಲ ಕಡೆ ನೋಡಿ, ಕಣ್ಣು ತಿರುಗಿಸಿ ಎರ್ರಿಸ್ವಾಮಿಯ ಮುಖ ನೋಡಿದ. ಆ ಹುಬ್ಬು ಒಮ್ಮೆ ಗಂಟಿಕ್ಕಿತು. ಅವನೂ ಹೊಸಿಲ ಕಡೆ ನೋಡಿದ. ಆಮೇಲೆ ನಕ್ಕ.

"ಹೆಂಗೈತೆ?"

"ಬೆಣ್ಣೆ, ಸಾಬ್ರೆ! ಬೆಣ್ಣೆ ಐತೆ."

ಚಹಾ ಜಮಾಲುದ್ದೀನನೇ ಮಾಡಿದ. ಸಕ್ಕರೆ ಹೆಚ್ಚಾಗಿತ್ತು. ಎರ್ರಿಸ್ವಾಮಿ ಲೋಟ ಖಾಲಿ ಮಾಡಿಯೇ ಹೋದ. ಹೆಂಡತಿ ಹೋದಮೇಲೆ ಜಮಾಲುದ್ದೀನ್ ಹೊಟ್ಟೆ ತುಂಬ ಉಂಡದ್ದು ಅಂದೇ. ಆ ಧೈರ್ಯದ ಮೇಲೆ ಇನ್ನೂ ಕೆಲವು ಗಾಡಿಗಳ ಕೆಲಸ ಹಿಡಿದ. ಎಲ್ಲರೂ ಚೆನ್ನಾಗಿದೆ ಎಂದೇ ಹೋದರು.

ಹಜೀರಾಬೀ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಕರೆಯಲು ಅವನು ಆವರಗೆರೆಗೆ ಹೋದ. ಲಾರಿ ಮನೆಯ ಪಕ್ಕದಲ್ಲೇ ನಿಂತಿತ್ತು. ಅದನ್ನು ಕಂಡು ಸಮಾಧಾನವಾಯಿತು. ಚೀಲ ಕೆಳಗಿಟ್ಟು, ತಾನು ಮಾಡಿದ್ದನ್ನು ಇನ್ನೊಮ್ಮೆ ನೋಡಲು ಬಗ್ಗಿದ. ಪೈಪಿನ ಕೂಡಿಕೆಯಲ್ಲಿ ಬೇರೆಯವರ ವೆಲ್ಡಿಂಗ್ ಇತ್ತು. ಅವನ ವೆಲ್ಡಿಂಗಿನ ಗೆರೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂರುತ್ತದೆ. ಇದು ಬೆಲ್ಲ ಮೆತ್ತಿದ ಹಾಗಿತ್ತು.

ಎರ್ರಿಸ್ವಾಮಿ ಟವೆಲ್ಲಿನಲ್ಲಿ ಕೈ ಒರೆಸುತ್ತ ಹೊರಗೆ ಬಂದ.

"ಇದು ಯಾರ ಕೈ?" ಎಂದು ಜಮಾಲುದ್ದೀನ್ ಕೇಳಿದ.

ಎರ್ರಿಸ್ವಾಮಿ ತಲೆ ತಗ್ಗಿಸಿ ಏನೋ ಅಂದ.

"ಮುಖ ಎತ್ತಿ ಹೇಳ್ರಿ. ನನಗೆ ಕೇಳಂಗಿಲ್ಲ."

ಇಷ್ಟು ವರ್ಷದಲ್ಲಿ ಆ ಮಾತನ್ನು ಅವನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ಎರ್ರಿಸ್ವಾಮಿ ಮುಖ ಎತ್ತಿದ, ದನಿಯನ್ನೂ ಎತ್ತಿದ.

"ಸೀಟಿ ಹೊಡೀತಿತ್ತು ಸಾಬ್ರೆ!"

"ಆವತ್ತೇ?"

"ಆವತ್ತೇ! ಹೆಂಗ ಹೇಳ್ಲಿ ನಾನು?"

"ಏನು?"

"ಹೆಂಗ ಹೇಳ್ಲಿ ಅಂದೆ! ಅಕ್ಕ ಸತ್ತ ಮನ್ಯಾಗೆ ನಿಂತು ಹೆಂಗ ಹೇಳ್ಲಿ!"

ಓಣಿಯಲ್ಲಿ ಒಂದೊಂದಾಗಿ ಕಿಟಕಿ ತೆರೆದವು. ಎದುರುಮನೆಯ ಹೆಂಗಸು ತಲೆ ಹೊರಹಾಕಿ, "ಏನ್ರೀ ಗಲಾಟೆ, ಎರ್ರಿಸ್ವಾಮೇರೆ? ಲಾರಿನೇ ವಾಸಿ ಇತ್ತು. ಯಾರು ಸತ್ರು?" ಎಂದಳು. ಎರ್ರಿಸ್ವಾಮಿ ಕೈಮುಗಿದು ಅವಳನ್ನು ಸುಮ್ಮನಾಗಿಸಿದ.

"ಶುಕ್ರವಾರ ಊಟಕ್ಕೆ ಬರ್ರಿ" ಎಂದು ಹೇಳಿ ಜಮಾಲುದ್ದೀನ್ ಚೀಲ ಎತ್ತಿಕೊಂಡ.

ಹರಿಹರದ ಬಸ್ಸಿನಲ್ಲಿ ಕೂತು, ಈಚೆಗೆ ಬಂದು ಹೋದ ಗಿರಾಕಿಗಳ ಮುಖಗಳನ್ನು ಒಂದೊಂದಾಗಿ ನೆನಪಿಸಿಕೊಂಡ. ಚೆನ್ನಾಗಿದೆ ಎನ್ನುವ ಮೊದಲು ಯಾರ ಹುಬ್ಬು ಗಂಟಿಕ್ಕಿತ್ತು? ಒಬ್ಬೊಬ್ಬರದೂ ಗಂಟಿಕ್ಕಿದ ಹಾಗೆ ಈಗ ತೋರಿತು. ಯಾರೂ ಮೋಸ ಮಾಡಿರಲಿಲ್ಲ. ಮರುಕಪಟ್ಟಿದ್ದರು, ಅಷ್ಟೆ, ಮತ್ತು ಬೇರೆ ಕಡೆ ಹೋಗಿ ರಿಪೇರಿ ಮಾಡಿಸಿಕೊಂಡಿದ್ದರು.

ಶುಕ್ರವಾರ ಊಟಕ್ಕೆ ಬಂದ ಲಾರಿಯವರಿಗೆಲ್ಲ ಅವನೇ ಬಡಿಸಿದ. ಅವರು ಕೈ ತೊಳೆದ ಮೇಲೆ, ಇನ್ನು ಸೈಲೆನ್ಸರ್ ಕೆಲಸ ಮಾಡುವುದಿಲ್ಲ ಎಂದ. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ಈಗ ಆ ಚಪ್ಪರದ ಕೆಳಗೆ ಗೇಟು, ಕಿಟಕಿಯ ಗ್ರಿಲ್ಲು ಆಗುತ್ತವೆ. ಗಿರಾಕಿ ಗೇಟನ್ನು ತೆರೆದು ಮುಚ್ಚಿ ನೋಡಿ ಸರಿಯಿದೆ ಎನ್ನುತ್ತಾನೆ. ಜಮಾಲುದ್ದೀನ್ ನಂಬುವುದಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಮತ್ತೆ ತೆರೆದು ಮುಚ್ಚುತ್ತಾನೆ.