ಆಯಿಗೆ ಸೇರದ ಕೆಂಪು ಬಾಳೆ

ನಿನ್ನೆ ಜಗತ್ ಸರ್ಕಲ್ಲಿನಲ್ಲಿ ಆಟೋ ಕಾಯುತ್ತಿದ್ದೆ. ಪಕ್ಕದ ಬಂಡಿಯಿಂದ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂತು ನೋಡಿ, ಎರಡು ಆಟೋ ಹೋದವು, ನಾನು ಹೋಗಲಿಲ್ಲ. ಬಂಡಿಯಲ್ಲಿ ಉಳಿದದ್ದು ಮೂರೇ ಹಣ್ಣು, ಮನೆಯಲ್ಲಿ ನಾವು ನಾಲ್ವರು. ಇರಲಿ ಎಂದು ತಂದೆ.

ಕಮಲಾಪುರದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಈ ಹಣ್ಣು ಮುಟ್ಟುತ್ತಿರಲಿಲ್ಲ. "ನನಗ ಸೇರಂಗಿಲ್ಲ" ಎನ್ನುವಳು. ಊರೇ ಮೆಚ್ಚಿದ ಹಣ್ಣು ಈಕೆಗೇಕೆ ಸೇರದು ಎಂದು ಯಾರೂ ಕೇಳಲಿಲ್ಲ. ನಾನಂತೂ ಆಕೆಯ ಪಾಲನ್ನೂ ತಿಂದು ಬೆಳೆದವಳು. ಕೇಳಲು ನನಗೇನು ಹುಚ್ಚೇ?

ಒಂದು ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಆಯಿ ಹಿಟ್ಟಿನ ಡಬ್ಬಿಯ ಹಿಂದೆ ಕೂತು, ಕಣ್ಣು ಮುಚ್ಚಿ ಕೆಂಪು ಬಾಳೆಹಣ್ಣು ತಿನ್ನುತ್ತಿದ್ದಾಳೆ! ಸಿಪ್ಪೆ ಸೆರಗಿನೊಳಗೆ.

"ಆಯಿ, ನಿನಗ ಸೇರಂಗಿಲ್ಲಲ್ಲ?"

"ಸುಮ್ನಿರ, ಹುಡುಗಿ!" ಎಂದು ಎಳೆದು ಕೂರಿಸಿಕೊಂಡು ಹೇಳಿದಳು. ರಜಾಕಾರರ ಹಾವಳಿಯ ವರ್ಷ ನಮ್ಮ ಮುತ್ಯಾ, ಆಕೆಯ ಗಂಡ, ಸಂಸ್ಥಾನದ ಗಡಿಯಾಚೆ ಹೋರಾಟಗಾರರ ಕ್ಯಾಂಪಿಗೆ ಹೋಗಿದ್ದರು. ಹೊಲ ಬೀಳು ಬಿತ್ತು. ಆಯಿ ಹಿತ್ತಲ ಬಾಳೆಗೊನೆ ಕೊಟ್ಟು ಜೋಳ ತರುತ್ತಿದ್ದಳು. ಮನೆಗೆ ಉಳಿಯುತ್ತಿದ್ದದ್ದು ಮೂರು ಮಕ್ಕಳಿಗೆ ಮೂರು ಹಣ್ಣು. "ಅವ್ವಾ, ನಿನಗ?" ಎಂದು ಮಕ್ಕಳು ಕೇಳಿದಾಗ ಈ ಸುಳ್ಳು ಹುಟ್ಟಿತು. ಭಾರತದ ಸೈನ್ಯ ಬಂದು ಪೋಲೀಸ್ ಆ್ಯಕ್ಷನ್ ಆಯಿತು, ಹಾವಳಿ ಅಡಗಿತು, ಮುತ್ಯಾ ಮನೆಗೆ ಬಂದರು. ಮೊದಲ ಹಣ್ಣು ಸುಲಿದು ಹೆಂಡತಿಗೆ ಕೊಡಹೋದರೆ ನಮ್ಮಪ್ಪನೇ ಅಡ್ಡ ಬಂದು, "ಅವ್ವಗ ಸೇರಂಗಿಲ್ಲ" ಅಂದನಂತೆ. ಮುಗಿಯಿತು. ಮೂವತ್ತು ವರ್ಷ ಮುತ್ಯಾ ಆಕೆಯ ಎದುರೇ ಕೂತು ನಿಶ್ಚಿಂತೆಯಿಂದ ತಿಂದರು.

"ಯಾರಿಗೂ ಹೇಳಬ್ಯಾಡ. ನಿಮ್ಮ ಮುತ್ಯಾಗ ಗೊತ್ತಾದ್ರ ಮನಸಿಗಿ ಹಚ್ಕೋತಾರ. ಮತ್ತ ಆ ಹಣ್ಣು ಮುಟ್ಟಂಗಿಲ್ಲ ಅವರು."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಸಂಜೆಯೊಳಗೆ ಮುತ್ಯಾನ ಕಿವಿ ತಲುಪಿತು. ಅವರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ಅಯ್ಯೋ, ಮನೆ ಹಾಳು ಮಾಡಿದೆನಲ್ಲ ಎಂದು ನನಗೆ ಅಳು ಬಂತು. ಆಮೇಲೆ ಎದ್ದರು. ಮನೆಯಲ್ಲಿದ್ದ ಬಾಳೆ ಚಿಪ್ಪಿನಲ್ಲೇ ದೊಡ್ಡ ಹಣ್ಣು ಕಿತ್ತು, ಸುಲಿದು, ಆಯಿಯ ಮುಂದೆ ಹಿಡಿದರು.

"ತಿನ್ನು. ಪೋಲೀಸ್ ಆ್ಯಕ್ಷನ್ ಮುಗದು ಭಾಳ ದಿನ ಆಯ್ತು."

ಆಯಿ ಮೊದಲು ನನ್ನನ್ನು ಕೆಕ್ಕರಿಸಿ ನೋಡಿದಳು. ಆಮೇಲೆ ಅರ್ಧ ಮುರಿದು ಮುತ್ಯಾನ ಕೈಗಿಟ್ಟು, ನಗುತ್ತ, ಕಣ್ಣೊರೆಸುತ್ತ ತಿಂದಳು.

ನಿನ್ನೆ ಮನೆಗೆ ಬಂದು ಗಂಡನಿಗೊಂದು, ಮಗನಿಗೊಂದು, ಮಗಳಿಗೊಂದು ಕೊಟ್ಟೆ. "ನಿನಗ?" ಎಂದಳು ಮಗಳು. "ನನಗ ಸೇರಂಗಿಲ್ಲ." ಬಾಯಿಂದ ಬಂದೇಬಿಟ್ಟಿತು ನೋಡಿ! ಈ ಕತೆಯನ್ನು ಹತ್ತಾರು ಸಲ ಕೇಳಿದ ಮಗಳು ಬಿಡುತ್ತಾಳೆಯೇ? ತನ್ನ ಹಣ್ಣಿನಲ್ಲಿ ಅರ್ಧ ಮುರಿದು ನನ್ನ ಬಾಯಿಗೇ ತುರುಕಿದಳು.

"ಯಮ್ಮಾ, ಪೋಲೀಸ್ ಆ್ಯಕ್ಷನ್ ಮುಗದದ. ತಿನ್ನು."